ಸಾರ್ವಜನಿಕ ಕಟ್ಟಡಗಳಲ್ಲಿ ಕಲ್ನಾರು: ಪಶ್ಚಿಮ ಬೆಂಗಳೂರಿನ ಸೂರುಗಳು ಮತ್ತು ಹೊಸ ನಿಯಮಗಳು

ಕಲ್ನಾರು ಎಂದರೆ ನಾರುನಾರಾಗಿ ಸೀಳಿಕೊಳ್ಳುವ ಆರು ಸಿಲಿಕೇಟ್ ಖನಿಜಗಳ ಒಟ್ಟು ಹೆಸರು. ಬಿಳಿ ಕಲ್ನಾರು ಅಥವಾ ಕ್ರೈಸೊಟೈಲ್ ಒಂದು ಗುಂಪಿನದು. ನೀಲಿಯ ಕ್ರೊಸಿಡೊಲೈಟ್, ಕಂದು ಬಣ್ಣದ ಅಮೊಸೈಟ್, ಟ್ರೆಮೊಲೈಟ್, ಆಕ್ಟಿನೊಲೈಟ್, ಆಂಥೊಫಿಲೈಟ್ ಇವು ಆಂಫಿಬೋಲ್ ಎಂಬ ಇನ್ನೊಂದು ಗುಂಪಿನವು. ಬೆಂಕಿಯಲ್ಲಿ ಉರಿಯದು, ನೀರಲ್ಲಿ ಕೊಳೆಯದು, ಎಳೆದರೆ ಹರಿಯದು ಎಂಬ ಗುಣಗಳಿಗಾಗಿ ಇಪ್ಪತ್ತನೇ ಶತಮಾನ ಇದನ್ನು ಬಾಯ್ಲರಿನ ಹೊದಿಕೆಯಿಂದ ಹಿಡಿದು ಬ್ರೇಕ್ ಲೈನಿಂಗ್, ನೀರಿನ ಪೈಪಿನವರೆಗೆ ಬಳಸಿತು. ಭಾರತದಲ್ಲಿ ಮಾತ್ರ ಅದರ ಬಹುಪಾಲು ಹೋದದ್ದು ಚಾವಣಿಗೆ. ಆಸ್ಟ್ರಿಯದ ಲುಡ್ವಿಗ್ ಹಾಟ್ಶೆಕ್ 1900ರ ಆಸುಪಾಸಿನಲ್ಲಿ ಸಿಮೆಂಟಿನ ಜೊತೆ ಕಲ್ನಾರನ್ನು ಕಲಸಿ ತೆಳು ಹಾಳೆ ತೆಗೆಯುವ ವಿಧಾನ ಕಂಡುಹಿಡಿದ. 1934ರಲ್ಲಿ ಮಧ್ಯಪ್ರದೇಶದ ಕೈಮೂರಿನಲ್ಲಿ ಅಂಥ ಶೀಟುಗಳ ತಯಾರಿಕೆ ಶುರುವಾಯಿತು. ಆಮೇಲೆ ಕರ್ನಾಟಕದ ಊರೂರಿಗೂ ‘ಸಿಮೆಂಟ್ ಶೀಟು’ ಬಂತು. ಕೆಲವು ಕಡೆ ಜನ ಇಂದಿಗೂ ಬ್ರಾಂಡಿನ ಹೆಸರಿನಿಂದ ಅದನ್ನು ‘ಚಾರ್ಮಿನಾರ್ ಶೀಟು’ ಎಂದೇ ಕರೆಯುತ್ತಾರೆ.

ಈ ಶೀಟಿನಲ್ಲಿ ಕಲ್ನಾರಿನ ಪಾಲು ಸುಮಾರು ನೂರಕ್ಕೆ ಎಂಟು ಹತ್ತರಷ್ಟು. ಉಳಿದದ್ದು ಸಿಮೆಂಟು, ಹಾರುಬೂದಿ, ಕಾಗದದ ತಿರುಳು. ಸಿಮೆಂಟು ಗಟ್ಟಿಯಾಗಿರುವಷ್ಟು ಕಾಲ ನಾರು ಒಳಗೇ ಕಟ್ಟಿಬಿದ್ದಿರುತ್ತದೆ. ಮುಟ್ಟದೆ, ಮುರಿಯದೆ ಇರುವ ಹೊಸ ಶೀಟಿನ ಕೆಳಗೆ ಕುಳಿತವರಿಗೆ ಅಪಾಯ ಕಡಿಮೆ. ಉದ್ಯಮದವರು ಹೇಳುವ ಈ ಮಾತು ಅಷ್ಟರಮಟ್ಟಿಗೆ ಸರಿ. ಆದರೆ ಶೀಟು ಹೊಸದಾಗಿಯೇ ಉಳಿಯುವುದಿಲ್ಲ. ಮೂವತ್ತು ನಲವತ್ತು ವರ್ಷ ಬಿಸಿಲು ಮಳೆಗೆ ಒಡ್ಡಿಕೊಂಡ ಸೂರಿನ ಮೇಲ್ಮೈ ಒರಟಾಗುತ್ತದೆ, ಪಾಚಿ ಹಿಡಿಯುತ್ತದೆ. ಮಳೆಯ ಸಣ್ಣ ಆಮ್ಲೀಯತೆ ಸಿಮೆಂಟನ್ನು ಕರಗಿಸುತ್ತಾ ಹೋದಂತೆ ನಾರಿನ ತುದಿಗಳು ಹೊರಗೆ ಕಾಣಿಸಿಕೊಳ್ಳುತ್ತವೆ. ಅಂಥ ಕಟ್ಟಡದ ಮಳೆನೀರಿನ ದೋಣಿಯಲ್ಲಿ, ನೀರು ಬೀಳುವ ಮೂಲೆಯಲ್ಲಿ ಕೂರುವ ಬೂದುಬಣ್ಣದ ಮೆತ್ತನೆ ಹೂಳಿನಲ್ಲಿ ಆ ನಾರೂ ಇರುತ್ತದೆ. ಒಣಗಿದ ಮೇಲೆ ಗಾಳಿಗೆ ಏಳುವುದು ಅದೇ.

ಪಶ್ಚಿಮ ಬೆಂಗಳೂರು ಇಂಥ ಸೂರುಗಳ ಸೀಮೆ. ಸ್ವಾತಂತ್ರ್ಯದ ಹೊಸತರಲ್ಲಿ ರಾಜಾಜಿಯವರ ಹೆಸರಿನಲ್ಲಿ ಹುಟ್ಟಿದ ರಾಜಾಜಿನಗರ ಬಡಾವಣೆಯೂ ಹೌದು, ಕೈಗಾರಿಕಾ ವಸಾಹತುವೂ ಹೌದು. ಅದರ ಬೆನ್ನಿಗೇ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಆಮೇಲೆ ಪೀಣ್ಯದ ಶೆಡ್ಡುಗಳು ಎದ್ದವು. ಲೇತು, ಪವರ್ ಪ್ರೆಸ್ಸು, ಎಲೆಕ್ಟ್ರೋಪ್ಲೇಟಿಂಗಿನ ಸಣ್ಣ ಸಣ್ಣ ಕಾರ್ಖಾನೆಗಳಿಗೆ ಕಬ್ಬಿಣದ ತೊಲೆಯ ಮೇಲೆ ಶೀಟು ಹೊದಿಸುವುದೇ ಎಲ್ಲಕ್ಕಿಂತ ಅಗ್ಗದ ದಾರಿಯಾಗಿತ್ತು. ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ ಬೆಳೆದಾಗ ಸಾರ್ವಜನಿಕ ಕಟ್ಟಡಗಳೂ ಅದೇ ಹಾದಿ ಹಿಡಿದವು. ಮುಖ್ಯ ಕಟ್ಟಡಕ್ಕೆ ಆರ್‌ಸಿಸಿ, ಪಕ್ಕದ ಬಿಸಿಯೂಟದ ಕೋಣೆಗೆ, ಸೈಕಲ್ ಸ್ಟ್ಯಾಂಡಿಗೆ, ಉಗ್ರಾಣಕ್ಕೆ, ಆಮೇಲೆ ಸೇರಿಸಿದ ಹೆಚ್ಚುವರಿ ಕೊಠಡಿಗೆ ಶೀಟು: ಇದು ಆ ಕಾಲದ ಸರ್ಕಾರಿ ಅಂಗಳಗಳ ಸಾಮಾನ್ಯ ಮಾದರಿ. ಮಾರುಕಟ್ಟೆಯ ಮಳಿಗೆ, ಗೋದಾಮು, ಪಾಲಿಕೆಯ ಶೆಡ್ಡುಗಳ ಕಥೆಯೂ ಬೇರೆಯಲ್ಲ.

ಕರ್ನಾಟಕಕ್ಕೂ ಈ ಖನಿಜಕ್ಕೂ ಮಣ್ಣಿನ ನಂಟೂ ಇದೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಹಳೆಯ ಶಿಲಾಪಟ್ಟಿಯಲ್ಲಿ ಕಲ್ನಾರಿನ ನಿಕ್ಷೇಪವಿದ್ದು, ಅಲ್ಲಿ ಗಣಿಗಾರಿಕೆ ನಡೆದಿತ್ತು. ದೇಶದ ಕಲ್ನಾರು ಸಂಪನ್ಮೂಲದಲ್ಲಿ ರಾಜಸ್ಥಾನದ ನಂತರದ ಸ್ಥಾನ ಕರ್ನಾಟಕದ್ದು. ಕೇಂದ್ರ ಸರ್ಕಾರ 1986ರಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು, 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. ಅಗೆಯುವುದು ಅಪಾಯವೆಂದು ಒಪ್ಪಿಕೊಂಡ ದೇಶ ಆಮದಿಗೆ ಮಾತ್ರ ತಡೆ ಹಾಕಲಿಲ್ಲ. ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಬಿಳಿ ಕಲ್ನಾರು ತರಿಸಿಕೊಳ್ಳುವ ದೇಶ ಭಾರತ. ರಷ್ಯಾ, ಕಜಕಿಸ್ತಾನ, ಬ್ರೆಜಿಲ್‌ಗಳಿಂದ ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಹೆಚ್ಚು ಬರುತ್ತದೆ. ತನ್ನ ನೆಲದಲ್ಲಿ ಇದನ್ನು ಬಳಸಕೂಡದೆಂದು ಬ್ರೆಜಿಲಿನ ಸುಪ್ರೀಂ ಕೋರ್ಟು 2017ರಲ್ಲೇ ತೀರ್ಪು ಕೊಟ್ಟಿದೆ.

ಅಪಾಯ ಇರುವುದು ಉಸಿರಿನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಶ್ವಾಸಕೋಶದ ತುದಿಯವರೆಗೂ ಇಳಿಯುತ್ತದೆ. ದೇಹ ಅದನ್ನು ಪೂರ್ತಿಯಾಗಿ ಹೊರಹಾಕಲಾರದು. ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾಗುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್ ಇವು ಮುಖ್ಯ ಕಾಯಿಲೆಗಳು. ಬ್ರಿಟನ್ನಿನಲ್ಲಿ ಮೆರಿವೆದರ್ ಮತ್ತು ಪ್ರೈಸ್ 1930ರಲ್ಲೇ ಕಾರ್ಖಾನೆ ಕೆಲಸಗಾರರ ಶ್ವಾಸಕೋಶದ ವರದಿ ಕೊಟ್ಟರು. ಗಣಿ ಇದ್ದ ಊರಲ್ಲಿ ಬರೀ ವಾಸವಿದ್ದವರಿಗೂ ಮೀಸೊಥೀಲಿಯೋಮ ಬರುತ್ತದೆಂದು ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ತೋರಿಸಿದರು. ಬಿಳಿಯೂ ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ನಿರ್ಣಯ. ಕೆಲಸದ ಜಾಗದಲ್ಲಿ ಕಲ್ನಾರಿಗೆ ಒಡ್ಡಿಕೊಂಡು ಜಗತ್ತಿನಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು ಆ ಸಂಸ್ಥೆ ಅಂದಾಜಿಸಿದೆ.

ಕಾಯಿಲೆ ತಲೆ ಎತ್ತಲು ಇಪ್ಪತ್ತರಿಂದ ಐವತ್ತು ವರ್ಷ ಹಿಡಿಯುತ್ತದೆ. ಎಲ್ಲ ತೊಡಕೂ ಇಲ್ಲಿಂದಲೇ ಹುಟ್ಟುತ್ತದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಸುತ್ತಲ ಕೈಗಾರಿಕಾ ಪ್ರದೇಶಗಳ ಕಾರ್ಮಿಕರು ಬರುತ್ತಾರೆ. ಆಸ್‌ಬೆಸ್ಟೋಸಿಸ್ ಆಗಲಿ, ಕಲ್ನಾರಿನಿಂದ ಬರುವ ಕ್ಯಾನ್ಸರ್ ಆಗಲಿ ಇಎಸ್‌ಐ ಎಂಬ ಕಾರ್ಮಿಕ ವಿಮೆಯ ಉದ್ಯೋಗಜನ್ಯ ರೋಗಗಳ ಪಟ್ಟಿಯಲ್ಲಿವೆ. ಆದರೆ ಇಪ್ಪತ್ತೈದನೇ ವಯಸ್ಸಿನಲ್ಲಿ ಶೀಟು ಕತ್ತರಿಸಿದವನಿಗೆ ದಮ್ಮು ಕಟ್ಟುವುದು ಅರವತ್ತರಲ್ಲಿ. ಆ ಹೊತ್ತಿಗೆ ಕೆಲಸ ಬಿಟ್ಟು ವರ್ಷಗಳಾಗಿರುತ್ತವೆ, ವಿಮೆಯ ಕಾರ್ಡು ಇರುವುದಿಲ್ಲ, ಎಂದೋ ಯಾವುದೋ ಶೆಡ್ಡಿನಲ್ಲಿ ಮಾಡಿದ ಕೆಲಸದ ಬಗ್ಗೆ ವೈದ್ಯರು ಕೇಳುವುದೂ ಇಲ್ಲ, ಅವನು ಹೇಳುವುದೂ ಇಲ್ಲ. ಸುಪ್ರೀಂ ಕೋರ್ಟು ಇದನ್ನು ಕಂಡುಕೊಂಡಿತ್ತು. ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ ಹೂಡಿದ್ದ ಮೊಕದ್ದಮೆಯಲ್ಲಿ 1995ರ ಜನವರಿ 27ರಂದು ಕೊಟ್ಟ ತೀರ್ಪಿನಲ್ಲಿ, ಕಲ್ನಾರು ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ ಇಟ್ಟುಕೊಳ್ಳಬೇಕೆಂದು ಆದೇಶಿಸಿತು. ತೀರ್ಪು ಮಹತ್ವದ್ದೇ. ಅದರ ಕಣ್ಣು ಇದ್ದದ್ದು ಮಾತ್ರ ಗಣಿ ಮತ್ತು ಕಾರ್ಖಾನೆಯ ಮೇಲೆ. ಪೂರ್ಣ ನಿಷೇಧ ಕೇಳಿ ಬಂದ ಕಲ್ಯಾಣೇಶ್ವರಿ ಸಂಸ್ಥೆಯ ಅರ್ಜಿಯನ್ನು ಅದೇ ಕೋರ್ಟು 2011ರಲ್ಲಿ ತಳ್ಳಿಹಾಕಿತು.

ಭಾರತದ ಕಾನೂನು ಕಲ್ನಾರನ್ನು ಎರಡು ಕಡೆ ಚೆನ್ನಾಗಿಯೇ ಗುರುತಿಸುತ್ತದೆ: ಅದು ತಯಾರಾಗುವ ಕಾರ್ಖಾನೆಯಲ್ಲಿ ಮತ್ತು ಕಸವಾಗಿ ಬಿದ್ದ ಗುಂಡಿಯಲ್ಲಿ. ಇವೆರಡರ ನಡುವೆ ಶಾಲೆ, ಆಸ್ಪತ್ರೆ, ಮಾರುಕಟ್ಟೆಯ ಸೂರಿನ ಮೇಲೆ ಅದು ಅರ್ಧ ಶತಮಾನ ಇರುತ್ತದಲ್ಲ, ಆ ಅವಧಿಗೆ ಲೆಕ್ಕ ಕೇಳುವವರಿಲ್ಲ. ಸಾರ್ವಜನಿಕ ಕಟ್ಟಡದಲ್ಲಿ ಕಲ್ನಾರು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ದಾಖಲಿಸಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಉಳಿದೆಲ್ಲ ಕೊರತೆಗಳಿಗಿಂತ ಇದು ದೊಡ್ಡದು.

ಈಚಿನ ಹೊಸ ನಿಯಮಗಳನ್ನೇ ನೋಡಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯು 1948ರ ಕಾರ್ಖಾನೆ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸೇರಿ 13 ಕಾಯ್ದೆಗಳ ಜಾಗದಲ್ಲಿ ಬಂದಿದೆ. ಆಸ್‌ಬೆಸ್ಟೋಸಿಸ್ ಅದರ ಪಟ್ಟಿಯಲ್ಲೂ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಆದರೆ ಅದು ಕೆಲಸಗಾರನ ಕಾಯ್ದೆ, ಕಟ್ಟಡದ ಕಾಯ್ದೆಯಲ್ಲ. ತರಗತಿಯಲ್ಲಿ ಕೂತ ಮಗು ಅದರ ವ್ಯಾಪ್ತಿಗೆ ಬರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪ್ರಕಟವಾಗಿ 2026ರ ಏಪ್ರಿಲ್ 1ಕ್ಕೆ ಜಾರಿಯ ದಿನ ಗೊತ್ತುಮಾಡಿದ ನಿರ್ಮಾಣ ಮತ್ತು ನೆಲಸಮ ತ್ಯಾಜ್ಯದ ನಿಯಮಗಳು ತ್ಯಾಜ್ಯದ ಹೊಣೆಯನ್ನು ಕಟ್ಟಡ ಕಟ್ಟುವವರ ಮೇಲೆ ಹೊರಿಸುತ್ತವೆ. ಆ ವಿಸ್ತೃತ ಹೊಣೆ ಅನ್ವಯವಾಗುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳಿಗೆ. ಬಸವೇಶ್ವರನಗರದ ಒಂದು ಶಾಲೆಯ ಅಡುಗೆ ಕೋಣೆ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ಬಳಸಿ ಬಿಸಾಡಿದ ಕಲ್ನಾರಿನ ಹೆಸರಿದೆ, ನಿಜ. ಆದರೆ ಆ ನಮೂದು ಕೂತಿರುವುದು ಕಲ್ನಾರು ವಸ್ತುಗಳ ಉತ್ಪಾದನೆ ಎಂಬ ಶೀರ್ಷಿಕೆಯ ಕೆಳಗೆ. ಚಾವಣಿಯಿಂದ ಇಳಿಸಿದ ಶೀಟನ್ನು ಮಾಮೂಲಿ ಕಟ್ಟಡದ ಕಸವೆಂದು ನೋಡುವ ಗುತ್ತಿಗೆದಾರನಿಗೆ ಅಲ್ಲೊಂದು ಸಂದಿ ಸಿಗುತ್ತದೆ.

ಹಡಗೊಂದರ ವಿಷಯದಲ್ಲಿ ಇದೇ ದೇಶ ಒಮ್ಮೆ ಎಚ್ಚರ ತೋರಿತ್ತು ಎಂಬುದು ಇಲ್ಲಿ ನೆನಪಾಗಬೇಕು. ಒಡೆಯಲೆಂದು ಗುಜರಾತಿನ ಅಲಂಗ್‌ಗೆ ಹೊರಟಿದ್ದ ಫ್ರಾನ್ಸಿನ ಯುದ್ಧನೌಕೆ ಕ್ಲೆಮೆನ್ಸೊ, ಒಳಗಿದ್ದ ಕಲ್ನಾರಿನ ವಿವಾದದಿಂದಾಗಿ 2006ರ ಫೆಬ್ರವರಿಯಲ್ಲಿ ಅರ್ಧ ದಾರಿಯಿಂದ ವಾಪಸಾಯಿತು. ಹೊರಗಿನಿಂದ ಬರುವ ಕಲ್ನಾರಿನ ಕಸದ ಬಗ್ಗೆ ತೋರಿದ ಎಚ್ಚರವನ್ನು ನಮ್ಮ ಮಕ್ಕಳ ತಲೆಯ ಮೇಲಿರುವ ಶೀಟಿನ ಬಗ್ಗೆಯೂ ತೋರಬೇಕಾದದ್ದು ನ್ಯಾಯ.

ಬೇರೆ ದೇಶಗಳು ಈ ನಡುವಿನ ಅವಧಿಯನ್ನು ಹೇಗೆ ಹಿಡಿದವು? ಅಮೆರಿಕ 1986ರಲ್ಲಿ ಶಾಲೆಗಳಿಗೆಂದೇ ಕಾಯ್ದೆ ತಂದಿತು. ಪ್ರತಿ ಶಾಲೆಯೂ ಕಲ್ನಾರಿಗಾಗಿ ತಪಾಸಣೆ ಮಾಡಿಸಬೇಕು, ಮೂರು ವರ್ಷಕ್ಕೊಮ್ಮೆ ಮರುತಪಾಸಣೆ, ನಿರ್ವಹಣಾ ಯೋಜನೆಯ ಪ್ರತಿ ಪೋಷಕರು ಕೇಳಿದರೆ ತೋರಿಸಲೇಬೇಕು. ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು. ಅಷ್ಟಕ್ಕೇ ಸುಮ್ಮನಾಗದೆ, ಮನೆಗಳಲ್ಲದ ಎಲ್ಲ ಕಟ್ಟಡಗಳ ಹೊಣೆಗಾರರೂ ಕಲ್ನಾರನ್ನು ಹುಡುಕಿ, ದಾಖಲಿಸಿ, ಸ್ಥಿತಿ ನೋಡಿ, ಅಲ್ಲಿ ಕೆಲಸಕ್ಕೆ ಬರುವವರಿಗೆ ತಿಳಿಸಬೇಕೆಂಬ ಕರ್ತವ್ಯವನ್ನು ನಿಯಮವಾಗಿಸಿತು. 2012ರ ನಿಯಮಗಳಲ್ಲಿ ಅದು ಮುಂದುವರಿದಿದೆ. ಆಸ್ಟ್ರೇಲಿಯದಲ್ಲಿ 2003ರ ಕೊನೆಯ ದಿನದಿಂದ ಪೂರ್ಣ ನಿಷೇಧ. ನಮ್ಮ ಪಕ್ಕದ ನೇಪಾಳ 2015ರಲ್ಲಿ ನಿಷೇಧಿಸಿತು. ಅಮೆರಿಕ ಬಿಳಿ ಕಲ್ನಾರಿನ ನಿಷೇಧಕ್ಕೆ ಬಂದದ್ದು 2024ರ ಮಾರ್ಚಿನಲ್ಲಿ. ಕೆಲಸದ ಜಾಗದ ಗಾಳಿಯ ಮಿತಿಯಲ್ಲೂ ಅಂತರ ದೊಡ್ಡದು. ನಮ್ಮ ಕಾರ್ಖಾನೆ ಕಾಯ್ದೆಯ ಅನುಸೂಚಿ ಒಂದು ಮಿಲಿಲೀಟರ್ ಗಾಳಿಗೆ ಬಿಳಿ ಕಲ್ನಾರಿನ ಒಂದು ನಾರಿನವರೆಗೆ ಬಿಟ್ಟಿತ್ತು. ಅಮೆರಿಕದಲ್ಲಿ ಅದು 0.1. ಐರೋಪ್ಯ ಒಕ್ಕೂಟದ ಹೊಸ ನಿರ್ದೇಶನದ ಪ್ರಕಾರ 2025ರ ಡಿಸೆಂಬರ್‌ನಿಂದ 0.01.

ಅವಸರದ ಪಾಠವೂ ಒಂದಿದೆ. ಜಪಾನಿನಲ್ಲಿ 1987ರಲ್ಲಿ ಶಾಲೆಗಳ ಚಾವಣಿಗೆ ಸಿಂಪಡಿಸಿದ್ದ ಕಲ್ನಾರಿನ ಸುದ್ದಿ ಹಬ್ಬಿ ದೇಶವೇ ದಿಗಿಲುಗೊಂಡಿತು. ತರಾತುರಿಯಲ್ಲಿ ಕಿತ್ತುಹಾಕುವ ಕೆಲಸ ನಡೆಯಿತು. ಸರಿಯಾದ ಕ್ರಮವಿಲ್ಲದೆ ಕಿತ್ತರೆ, ಅಲ್ಲೇ ಬಿಟ್ಟಿದ್ದಕ್ಕಿಂತ ಹೆಚ್ಚು ನಾರು ಗಾಳಿಗೆ ಸೇರುತ್ತದೆ. ಗಟ್ಟಿಯಾಗಿರುವ ಶೀಟನ್ನು ಹೆದರಿಕೆಯಿಂದ ಒಡೆಯುವುದಕ್ಕಿಂತ, ಬಣ್ಣದ ಲೇಪ ಕೊಟ್ಟು, ವರ್ಷಕ್ಕೊಮ್ಮೆ ನೋಡುತ್ತಾ, ಸರದಿಯ ಮೇಲೆ ಇಳಿಸುವುದೇ ಕ್ಷೇಮ.

ಗಡಿಯಾಚೆ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದ ಕೇರಳದಲ್ಲಿ, ಮೊದಲ ಹೆಜ್ಜೆ ಇಟ್ಟದ್ದು ರಾಜ್ಯದ ಮಾನವ ಹಕ್ಕುಗಳ ಆಯೋಗ. 2009ರ ಜನವರಿಯಲ್ಲಿ, ಸರ್ಕಾರದ ಅಧೀನದ ಶಾಲೆಗಳ ಕಲ್ನಾರು ಚಾವಣಿಯನ್ನು ಹಂತಹಂತವಾಗಿ ತೆಗೆದು ಹೆಂಚು ಹೊದಿಸಬೇಕೆಂದು ಅದು ಆದೇಶಿಸಿತು. ಶಾಲೆಗಳ ಕಲ್ನಾರು ಸೂರಿನ ಪ್ರಶ್ನೆ ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೂ ಬಂದಿದೆ.

ಸುರಕ್ಷಿತವಾಗಿ ಇಳಿಸುವ ಕ್ರಮ ಗೊತ್ತಿಲ್ಲದ್ದೇನಲ್ಲ. ಕಲ್ನಾರು ತ್ಯಾಜ್ಯದ ವಿಲೇವಾರಿಗೆ 1986ರಿಂದಲೇ ಐಎಸ್ 11768 ಎಂಬ ಭಾರತೀಯ ಮಾನಕವಿದೆ. ಮೊದಲು ಕಟ್ಟಡ ಖಾಲಿಯಾಗಬೇಕು. ಶಾಲೆಯಾದರೆ ದಸರಾ ಅಥವಾ ಬೇಸಿಗೆ ರಜೆ. ಕಿಟಕಿ ಬಾಗಿಲು ಮುಚ್ಚಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಶೀಟಿನ ಮೇಲೆ ಸೋಪಿನ ನೀರನ್ನು ಮೆಲ್ಲಗೆ ಸಿಂಪಡಿಸಬೇಕು. ಜೋರಾಗಿ ನೀರು ಹಾಯಿಸಿ ಪಾಚಿ ತೊಳೆಯುವುದು ದೊಡ್ಡ ತಪ್ಪು, ಅದು ನಾರನ್ನೇ ಕಿತ್ತು ಹಾರಿಸುತ್ತದೆ. ಬಳಿಕ ಬೋಲ್ಟು. ಹಳೆಯ ಸೂರಿನಲ್ಲಿ ಜೆ ಬೋಲ್ಟುಗಳು ತುಕ್ಕು ಹಿಡಿದು ನಟ್ಟು ತಿರುಗುವುದೇ ಇಲ್ಲ. ಸಾಮಾನ್ಯವಾಗಿ ಕೆಲಸದವರು ಬೋಲ್ಟಿನ ಸುತ್ತ ಶೀಟನ್ನೇ ಸುತ್ತಿಗೆಯಿಂದ ಒಡೆದು ಬಿಡಿಸುತ್ತಾರೆ, ಇಲ್ಲವೇ ಗ್ರೈಂಡರ್ ಹಿಡಿಯುತ್ತಾರೆ. ದೂಳಿನ ಮೋಡ ಏಳುವುದು ಆಗಲೇ. ಕತ್ತರಿಸಬೇಕಾದದ್ದು ಬೋಲ್ಟನ್ನು, ಅದೂ ಕೈಯಲ್ಲಿ ಹಿಡಿಯುವ ಬೋಲ್ಟ್ ಕಟರ್‌ನಿಂದ. ಶೀಟನ್ನು ಇಡಿಯಾಗಿ ಎತ್ತಿ, ಇಬ್ಬರು ಹಿಡಿದು ಕೆಳಗಿಳಿಸಬೇಕು, ಮೇಲಿಂದ ಎಸೆಯಕೂಡದು. ಒದ್ದೆ ಇರುವಾಗಲೇ ಎರಡು ಸುತ್ತು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಚ್ಚರಿಕೆಯ ಚೀಟಿ ಅಂಟಿಸಬೇಕು. ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಒಣ ಪೊರಕೆ ಮುಟ್ಟಕೂಡದು. ಕರ್ಚೀಫು, ಸರ್ಜಿಕಲ್ ಮಾಸ್ಕಿಗೆ ಈ ನಾರು ನಿಲ್ಲುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ, ಪಿ100 ದರ್ಜೆಯ ಫಿಲ್ಟರ್ ಇರುವ ಮಾಸ್ಕು ಬೇಕು. ಮೈಮೇಲಿನ ಹೊದಿಕೆಯನ್ನು ಅಲ್ಲೇ ಬಿಸಾಡಿ ಸ್ನಾನ ಮಾಡಿಯೇ ಮನೆಗೆ ಹೋಗಬೇಕು. ಗಂಡಂದಿರ ಕೆಲಸದ ಬಟ್ಟೆ ಒಗೆದು ಮೀಸೊಥೀಲಿಯೋಮಕ್ಕೆ ತುತ್ತಾದ ಹೆಂಗಸರ ದಾಖಲೆಗಳು ಹಲವು ದೇಶಗಳಲ್ಲಿವೆ.

ಇನ್ನೊಂದು ಅಪಾಯಕ್ಕೆ ಇಪ್ಪತ್ತು ವರ್ಷ ಕಾಯಬೇಕಾಗಿಲ್ಲ. ಹಳೆಯ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ಸೋರುವ ಜಾಗಕ್ಕೆ ಟಾರು ಹಚ್ಚಲು, ಕ್ರಿಕೆಟ್ ಚೆಂಡು ತೆಗೆಯಲು, ಸಿಂಟೆಕ್ಸ್ ಟ್ಯಾಂಕು ನೋಡಲು ಹತ್ತಿದವರು ಶೀಟು ಮುರಿದು ಕೆಳಗಿನ ಕಾಂಕ್ರೀಟಿಗೆ ಬೀಳುತ್ತಾರೆ. ತೊಲೆಯಿಂದ ತೊಲೆಗೆ ಹಲಗೆ ಹಾಕಿ, ಮೈಗೆ ಸುರಕ್ಷತಾ ಹಾರ್ನೆಸ್ ಕಟ್ಟದೆ ಯಾರನ್ನೂ ಸೂರಿನ ಮೇಲೆ ಬಿಡಬಾರದು. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

ಬೆಂಗಳೂರಿನ ಪಶ್ಚಿಮಕ್ಕೆ ತನ್ನದೇ ಒಂದು ಋತು ಉಂಟು. ಏಪ್ರಿಲ್ ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚಿನ ಬಿರುಗಾಳಿ ಮಳೆ ಬರುತ್ತದೆ. ಒಮ್ಮೊಮ್ಮೆ ಆಲಿಕಲ್ಲು. ರಾಜಾಜಿನಗರ, ವಿಜಯನಗರದ ಹಳೆಯ ಮರಗಳ ಕೊಂಬೆಗಳು ಶೆಡ್ಡುಗಳ ಮೇಲೆ ಬೀಳುತ್ತವೆ. ಮರುದಿನ ಬೆಳಿಗ್ಗೆ ಆ ಚೂರುಗಳನ್ನು ಗುಡಿಸುವವರು ಪೌರಕಾರ್ಮಿಕರು. ಒಣ ಪೊರಕೆ, ತಳ್ಳುಗಾಡಿ, ಬರಿಗೈ. ಆ ಚೂರು ಏನೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಯೋಜನೆ ಹಾಕಿ ಇಳಿಸುವ ಶೀಟಿಗಿಂತ, ಹೀಗೆ ತಾನಾಗಿ ಮುರಿದ ಶೀಟು ಹೆಚ್ಚು ಜನರ ಉಸಿರಿಗೆ ಸೇರುತ್ತದೆ. ಕಲ್ನಾರಿನ ತರಬೇತಿ ಎಂದರೆ ಎಂಜಿನಿಯರುಗಳಿಗೆ ಮಾತ್ರ ಎಂದುಕೊಂಡರೆ ಅದು ಅರ್ಧ ತರಬೇತಿ.

ಇಡಿಯಾಗಿ ಇಳಿದ ಶೀಟಿನ ದಾರಿ ಬೇರೆ. ಅದಕ್ಕೆ ಬೆಲೆ ಇದೆ. ಮೈಸೂರು ರಸ್ತೆಯ ಸುತ್ತಲಿನ ಗುಜರಿಗಳಂಥ ಕಡೆ ಹಳೆಯ ಬಾಗಿಲು, ಕಿಟಕಿ, ಕಬ್ಬಿಣದ ಜೊತೆ ಹಳೆಯ ಶೀಟೂ ಕೈ ಬದಲಾಯಿಸುವುದು ಈ ವ್ಯಾಪಾರದ ರೂಢಿ. ಅದನ್ನು ಕೊಂಡುಹೋಗುವವರು ಹೊಸದು ಕೊಳ್ಳಲಾಗದವರು. ನಗರದಂಚಿನ ಕೊಟ್ಟಿಗೆಗೆ, ಬಚ್ಚಲಿನ ಮರೆಗೆ, ಕಟ್ಟಡ ಕೆಲಸದವರ ಜೋಪಡಿಗೆ ಅದು ಎರಡನೇ ಬಾಳಿಗೆ ಹೋಗುತ್ತದೆ. ಒಡೆದದ್ದು ರಸ್ತೆಯ ಗುಂಡಿಗೆ. ಸರ್ಕಾರಿ ಕಟ್ಟಡದಿಂದ ಇಳಿದ ಶೀಟನ್ನು ಹರಾಜು ಹಾಕುವುದು ಅಥವಾ ಗುತ್ತಿಗೆದಾರನಿಗೇ ಬಿಟ್ಟುಕೊಡುವುದು ಎಂದರೆ ಅಪಾಯವನ್ನು ಶಾಲೆಯಿಂದ ಬಡವನ ಮನೆಗೆ ಸಾಗಿಸಿದಂತೆ. ಟೆಂಡರಿನಲ್ಲೇ ಇದನ್ನು ತಡೆಯಬಹುದು: ಶೀಟಿನ ಮರುಮಾರಾಟ ಇಲ್ಲ, ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಮುಟ್ಟಿಸಿದ ರಸೀದಿ ತೋರಿಸಿದ ಮೇಲೆಯೇ ಬಿಲ್ಲು. ಅಂಥ ಗುಂಡಿ ದೂರವೂ ಇಲ್ಲ. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿದರೆ ಸಿಗುವ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಕೇಂದ್ರವಿದೆ. ಚಿಕ್ಕಜಾಲದ ಕಟ್ಟಡ ತ್ಯಾಜ್ಯ ಮರುಬಳಕೆ ಘಟಕಕ್ಕೆ ಈ ಶೀಟು ಹೋಗಕೂಡದು. ಅಲ್ಲಿ ಮಾಡುವುದೇ ಪುಡಿ.

ಬದಲಿ ಏನು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬಣ್ಣದ ಲೋಹದ ಶೀಟು ಸುಲಭ, ಆದರೆ ಕೆಳಗೆ ಶಾಖ ತಡೆಯುವ ಪದರ ಇಲ್ಲದಿದ್ದರೆ ಬೇಸಿಗೆಯಲ್ಲಿ ಮಕ್ಕಳು ಬೇಯುತ್ತಾರೆ, ಮಳೆಯಲ್ಲಿ ಪಾಠ ಕೇಳಿಸುವುದಿಲ್ಲ. ಕಲ್ನಾರಿಲ್ಲದ, ಬೇರೆ ನಾರು ಸೇರಿಸಿದ ಸಿಮೆಂಟ್ ಶೀಟುಗಳು ಸಿಗುತ್ತವೆ. ನೋಡಲು ಎರಡೂ ಒಂದೇ ಥರ ಇರುವುದರಿಂದ ಬಿಲ್ಲು ಮತ್ತು ಪ್ರಯೋಗಾಲಯದ ಪರೀಕ್ಷೆ ಬಿಟ್ಟು ಬೇರೆ ಖಾತರಿಯಿಲ್ಲ. ಮಂಗಳೂರು ಹೆಂಚು 1865ರಿಂದ ಈ ನಾಡಿನಲ್ಲೇ ತಯಾರಾಗುತ್ತಿರುವ, ತಂಪಾದ ಸೂರು. ತೂಕ ಹೆಚ್ಚಾದ್ದರಿಂದ ಹಳೆಯ ತೊಲೆ ಬದಲಿಸಬೇಕಾಗಬಹುದು, ಹೊಸ ಕಟ್ಟಡಕ್ಕೆ ಆ ತೊಂದರೆಯಿಲ್ಲ.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾಗಿ ಹಂಚಿಹೋಯಿತು. ರಾಜಾಜಿನಗರ, ವಿಜಯನಗರಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿವೆ. ಹೊಸ ಪಾಲಿಕೆ ತನ್ನ ಆಸ್ತಿಗಳ ಪಟ್ಟಿಯನ್ನು ಹೇಗೂ ಹೊಸದಾಗಿ ಬರೆದುಕೊಳ್ಳಬೇಕು. ಅದರಲ್ಲಿ ಕಲ್ನಾರಿಗೆ ಒಂದು ಕಾಲಂ ಸೇರಿಸಲು ದಿಲ್ಲಿಯ ಕಾನೂನಿಗಾಗಿ ಕಾಯಬೇಕಾಗಿಲ್ಲ. ಯಾವ ಕಟ್ಟಡ, ಎಷ್ಟು ಚದರ ಅಡಿ, ಯಾವ ವರ್ಷದ್ದು, ಬಿರುಕು ಉಂಟೇ, ಪಾಚಿ ಉಂಟೇ, ಕೊನೆಯ ಸಲ ನೋಡಿದ್ದು ಯಾವಾಗ ಎಂಬಷ್ಟು ವಿವರ ಸಾಕು. ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಇರುವ ಎಸ್‌ಡಿಎಂಸಿ ಎಂಬ ಶಾಲಾ ಸಮಿತಿಗಳಿವೆ. ಇಂಥ ಪಟ್ಟಿ ಮಾಡಲು ಒಂದು ಮಧ್ಯಾಹ್ನ, ಒಂದು ಟೇಪು, ಒಂದು ಮೊಬೈಲ್ ಕ್ಯಾಮೆರಾ ಇದ್ದರೆ ಆಯಿತು. ಶೀಟಿಗೆ ತೂತು ಕೊರೆಯಬೇಡಿ, ಏಣಿ ಹತ್ತಬೇಡಿ, ನೆಲದ ಮೇಲೆ ನಿಂತೇ ಬರೆದುಕೊಳ್ಳಿ. ಬರೆದದ್ದರ ಒಂದು ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೂ ಇನ್ನೊಂದನ್ನು ಪಾಲಿಕೆಯ ಎಂಜಿನಿಯರಿಗೂ ಕೊಟ್ಟು, ಮುಂದಿನ ಬೇಸಿಗೆ ರಜೆಗೆ ಮುಂಚೆ ಉತ್ತರ ಕೇಳಿ.